ಅಕ್ಕನ ನೀಲಿ

ಪಾಸ್‌ಪೋರ್ಟ್ ಫೋಟೋದಲ್ಲಿ ಮುಖದ ಹಿಂದೆ ಏನೂ ಇರಬಾರದು. ಈ ಒಂದು ನಿಯಮದ ಮೇಲೆಯೇ ಸ್ಟುಡಿಯೋದವನ ಮೂವತ್ತು ವರ್ಷದ ಅನ್ನ ನಡೆದಿತ್ತು. "ಕೂದಲು ಹಿಂದೆ ಮಾಡಿ, ನಗಬೇಡಿ, ಅಲ್ಲಾಡಬೇಡಿ" ಎಂದು ವಾರವಿಡೀ ಹೇಳಿ ಬಾಯಿ ಸೋತ ಮೇಲೆ, ಭಾನುವಾರ ಕ್ಯಾಮೆರಾ ಹೆಗಲಿಗೇರಿಸಿ ಊರಾಚೆಯ ಕುರುಚಲು ಗುಡ್ಡಕ್ಕೆ ಹೊರಡುತ್ತಿದ್ದ. ಅಲ್ಲಿನ ಕಾಡುಗಿಡಗಳಿಗೆ ನಗಬೇಡಿ ಎನ್ನುವ ಕಷ್ಟವಿರಲಿಲ್ಲ.

ಮೊದಲೆಲ್ಲ ಅಕ್ಕನೂ ಜೊತೆಗೆ ಬರುತ್ತಿದ್ದಳು. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಗಿಡಗಳ ಪುಸ್ತಕದ ಹೆಸರು ಇಬ್ಬರಿಗೂ ಗೊತ್ತಿಲ್ಲದ ಕಾರಣ ನೆಂಟರ ಹೆಸರಿಟ್ಟುಕೊಂಡಿದ್ದರು. ಬಟ್ಟೆ ಹಿಡಿದರೆ ಬಿಡದ ಮುಳ್ಳುಪೊದೆ ದೊಡ್ಡಪ್ಪ. ಸಿಕ್ಕವರ ಹೆಗಲೇರುವ ಬಳ್ಳಿ ಸೋದರತ್ತೆ.

ಒಂದು ಹೂವಿಗೆ ಮಾತ್ರ ಅಕ್ಕನದೇ ಹೆಸರು. ಎಂಟು ವರ್ಷದವಳಿದ್ದಾಗ ಅವಳು ಗುಡ್ಡದಲ್ಲಿ ದಾರಿ ತಪ್ಪಿ, ಅತ್ತು ಸುಸ್ತಾಗಿ ಹುಲ್ಲಿನಲ್ಲಿ ಮಲಗಿದ್ದಾಗ, ಕಣ್ಣೆದುರೇ ಒಂದು ನೀಲಿ ಹೂ ನಿಂತಿತ್ತಂತೆ. ಒಂದೇ ಎಲೆ, ಹೂವಿನ ತುಟಿಯ ಮೇಲೆ ಮೀಸೆಯಂಥ ಕೂದಲು. ಆಮೇಲೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಮನೆಯಲ್ಲಿ ಬೀಗದ ಕೈ ಕಳೆದರೂ "ಅದು ಅಕ್ಕನ ನೀಲಿ ಆಯ್ತು ಬಿಡಿ" ಎನ್ನುವುದು ರೂಢಿಯಾಯಿತು. ಆ ತಮಾಷೆ ಶುರುಮಾಡಿದವನೇ ಈ ತಮ್ಮ. ಅಕ್ಕ ಎಲ್ಲರ ಜೊತೆ ತಾನೂ ನಗುತ್ತಿದ್ದಳು. ಹಾಗೆ ನಕ್ಕುಕೊಂಡೇ ಐವತ್ತೈದು ವರ್ಷ ಕಳೆದಿದ್ದಳು.

ಈಗ ಅವಳ ಮಂಡಿ ಕೈಕೊಟ್ಟಿತ್ತು. ಮಂಗಳವಾರ ಆಪರೇಷನ್. ಆಮೇಲೆ ಗುಡ್ಡದ ಆಸೆ ಬಿಡಬೇಕೆಂದು ಡಾಕ್ಟರು ಹೇಳಿಯಾಗಿತ್ತು.

ಅದಕ್ಕೆ ಹಿಂದಿನ ಭಾನುವಾರ ಬೆಳಗ್ಗೆ ಗುಡ್ಡದ ಮೇಲೆ ಮಂಜು ಕೆನೆಗಟ್ಟಿ ಕೂತಿತ್ತು. ಸ್ಟುಡಿಯೋದವನು ಅಂಗಾತ ಬಿದ್ದ ಬಂಡೆಯೊಂದರ ಪಕ್ಕ ಮೊಣಕಾಲೂರಿದಾಗ, ಹುಲ್ಲಿನ ಎಸಳುಗಳ ನಡುವೆ ಆಕಾಶದ ಚೂರೊಂದು ಸಿಕ್ಕಿಕೊಂಡಂತೆ ಕಂಡಿತು. ಒಂದೇ ಎಲೆ. ಮೀಸೆ. ಅವನ ಕೈ ಅಭ್ಯಾಸದ ಕೆಲಸಕ್ಕೇ ಹೋಯಿತು. ಸುತ್ತಲಿನ ಹುಲ್ಲನ್ನು ಒಂದೊಂದಾಗಿ ಕಿತ್ತು, ಹಿಂದೆ ಬೂದು ರಟ್ಟು ನಿಲ್ಲಿಸಿ, ಹತ್ತು ಫೋಟೋ ತೆಗೆದ.

ಮನೆಯಲ್ಲಿ ಅಕ್ಕ ಕನ್ನಡಕ ಹಾಕಿಕೊಂಡು ಕ್ಯಾಮೆರಾದ ಪುಟ್ಟ ಪರದೆಯನ್ನು ಬಹಳ ಹೊತ್ತು ನೋಡಿದಳು.

"ಯಾರದೋ ಪಾಸ್‌ಪೋರ್ಟ್ ಫೋಟೋ ಇದ್ದ ಹಾಗಿದೆ."

"ಅದೇ ಹೂ ಅಲ್ವಾ ಅಕ್ಕಾ?"

"ಇರಬಹುದು. ನಾನು ನೋಡಿದ್ದು ಹುಲ್ಲಿನೊಳಗೆ. ಹುಲ್ಲು ತೂಗಿದ್ರೆ ಅದೂ ತೂಗ್ತಿತ್ತು. ಹೀಗೆ ಒಂಟಿಯಾಗಿ ನಿಲ್ಲಿಸಿದ್ರೆ ನಿನ್ನ ಗುರುತೂ ನನಗೆ ಸಿಗಲ್ಲ." ಕ್ಯಾಮೆರಾ ವಾಪಸು ಕೊಟ್ಟಳು. "ನಾಳೆ ಕರ್ಕೊಂಡು ಹೋಗು. ನಾಡಿದ್ದು ಹೇಗಿದ್ರೂ ಮಂಡಿ ಬದಲಾಯಿಸ್ತಾರೆ. ಹಳೇದನ್ನ ಇನ್ಯಾಕೆ ಜೋಪಾನ ಮಾಡ್ಲಿ?"

ಸೋಮವಾರ ಸ್ಟುಡಿಯೋ ಬಾಗಿಲು ತೆರೆಯಲಿಲ್ಲ. ಕೋಲೂರಿ, ತಮ್ಮನ ತೋಳು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಂತು ಅಕ್ಕ ಹತ್ತಿದಳು. ಪೊದೆಯೊಂದು ಅವಳ ಶಾಲು ಹಿಡಿಯಿತು. "ದೊಡ್ಡಪ್ಪ ಗಟ್ಟಿಮುಟ್ಟಾಗಿದ್ದಾರೆ" ಎಂದು ಬಿಡಿಸಿಕೊಂಡಳು. ಮಂಜಿನಲ್ಲಿ ಮರಗಳು ಅರ್ಧ ಇದ್ದವು, ಅರ್ಧ ಇರಲಿಲ್ಲ.

ಬಂಡೆಯ ಪಕ್ಕ ಹೂ ನೆಲಕ್ಕೆ ಒರಗಿ ಬಿದ್ದಿತ್ತು. ಸುತ್ತ ಅಂಗೈಯಗಲ ಬೋಳು ಮಣ್ಣು.

"ಯಾರೋ ಇಲ್ಲಿ ಹುಲ್ಲು ಕಿತ್ತವರು?"

"ನಾನೇ. ಹಿಂದೆ ಏನೂ ಇರಬಾರದು ಅಂತ..."

"ಅದು ಆ ಹುಲ್ಲಿಗೇ ಒರಗಿ ನಿಂತಿತ್ತಲ್ಲೋ, ಪೆದ್ದ! ಊರುಗೋಲೇ ಕಿತ್ತುಕೊಂಡಿದ್ದೀಯ." ಬೈದಷ್ಟೇ ಬೇಗ ಅವಳ ಸ್ವರ ವಾರ್ಡಿನ ಸ್ವರವಾಯಿತು. "ದಂಟು ಮುರಿದಿದೆಯಾ ನೋಡು."

"ಇಲ್ಲ. ಬಾಗಿದೆ ಅಷ್ಟೆ."

ಅಕ್ಕ ತಲೆಯಿಂದ ಒಂದು ಪಿನ್ನು ತೆಗೆದಳು, ಶಾಲಿನ ಅಂಚಿನಿಂದ ಒಂದೆಳೆ ದಾರ ಎಳೆದಳು. "ನನಗೆ ಬಗ್ಗೋಕಾಗಲ್ಲ. ನೀನೇ ನನ್ನ ಕೈ. ಪಿನ್ನು ಬೇರಿನಿಂದ ದೂರ ಚುಚ್ಚು. ಹ್ಞಾ. ದಾರ ಸಡಿಲ ಕಟ್ಟು, ಅದಕ್ಕೂ ರಕ್ತ ಓಡಾಡ್ಬೇಕು."

ಮೂಳೆಗೆ ಪಟ್ಟಿ ಕಟ್ಟಿಸಿಕೊಂಡವರ ಹಾಗೆ ಹೂ ತುಸು ನಾಚಿಕೆಯಿಂದ ತಲೆಯೆತ್ತಿತು. ಆದರೆ ನಿಂತವರಿಗೆ ಅದು ಬರೀ ನೀಲಿ ಚುಕ್ಕೆ. ಅಕ್ಕ ಕೋಲನ್ನು ಅವನ ಕೈಗೆ ಕೊಟ್ಟಳು.

"ಬೇಡ ಅಕ್ಕಾ, ಕೂತರೆ ಏಳೋಕಾಗಲ್ಲ."

"ಎಬ್ಬಿಸೋಕೆ ನೀನಿಲ್ವಾ? ಅಷ್ಟೂ ಆಗದಿದ್ರೆ ತಮ್ಮ ಅಂತ ಯಾಕಿದ್ದೀಯ?"

ಬಂಡೆಗೆ ಬೆನ್ನುಜ್ಜಿಕೊಂಡು, ಹಲ್ಲು ಕಚ್ಚಿ, ಅವಳು ನೆಲಕ್ಕಿಳಿದಳು. ಬೋಳು ಮಣ್ಣಿನಾಚೆ ಹುಲ್ಲು ಉಳಿದಿದ್ದ ಕಡೆಗೆ ಹೊರಳಿ ಕೆನ್ನೆಯನ್ನು ಮಣ್ಣಿಗಿಟ್ಟಳು. ಸಣ್ಣ ಗಾಳಿ ಬಂತು. ಹುಲ್ಲು ತೂಗಿತು, ಹೂವೂ ತೂಗಿತು. ಮಂಜು ಇಬ್ಬರನ್ನೂ ಲೋಕದಿಂದ ಕತ್ತರಿಸಿ ಬೇರೆ ಇಟ್ಟಂತಿತ್ತು. ಅವಳ ಬಿಳಿಗೂದಲು ಬಿಚ್ಚಿ ಹುಲ್ಲಿನ ಜೊತೆ ಬೆರೆತಿತ್ತು. ಆ ಮುಖದಲ್ಲಿ ಅತ್ತು ಸುಸ್ತಾದ ಎಂಟು ವರ್ಷದ ಹುಡುಗಿ ಕಂಡಳು.

"ಇದೇ" ಎಂದಳು.

ಅವನೂ ಅವಳ ಪಕ್ಕ ಮಲಗಿ ಅಲ್ಲಿಂದಲೇ ಒಂದು ಫೋಟೋ ತೆಗೆದ. ಮುಂದೆಲ್ಲ ಹುಲ್ಲು ಅಡ್ಡ, ಹಿಂದೆ ಬಂಡೆ, ಪಕ್ಕದಲ್ಲಿ ಪಿನ್ನು. ಅವನ ಸ್ಟುಡಿಯೋದಲ್ಲಾಗಿದ್ದರೆ ಗಿರಾಕಿ ಅದನ್ನು ಮುಖದ ಮೇಲೆ ಎಸೆಯುತ್ತಿದ್ದ.

"ಅಕ್ಕಾ, ಇಷ್ಟು ವರ್ಷ ನಿನ್ನ ಆಡ್ಕೊಂಡು ನಕ್ಕಿದ್ದು ತಪ್ಪಾಯ್ತು."

"ಅದಿರಲಿ. ಮೊದಲು ನನ್ನ ಎಬ್ಬಿಸು."

ಎಬ್ಬಿಸಲು ಅರ್ಧ ಗಂಟೆ ಹಿಡಿಯಿತು.

ಮರುದಿನ ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಎಳೆಯ ನರ್ಸೊಬ್ಬಳು ಅಕ್ಕನ ತಲೆಯ ಪಿನ್ನುಗಳನ್ನು ತೆಗೆದು ತಟ್ಟೆಗೆ ಹಾಕಿದಳು. "ಈ ಕಡೆ ಎರಡು, ಆ ಕಡೆ ಒಂದೇ. ಇನ್ನೊಂದು ಎಲ್ಲಮ್ಮಾ? ಕೂದಲಲ್ಲೇ ಉಳೀತಾ?"

"ಇಲ್ಲ ಮಗಳೇ, ಅದು ಗುಡ್ಡದ ಮೇಲೆ ಡ್ಯೂಟಿಯಲ್ಲಿದೆ" ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡು.