ಬೇಲಿಯೊಳಗಿನ ಬಿಳಿ ಹೂವು

ಫಿಲಮೀನಾ ಸ್ಯಾಮ್ ತನ್ನ ತಾಯಿಯ ಗೆಡ್ಡೆ ಪಾತಿಯನ್ನು ಹನ್ನೊಂದು ವರ್ಷಗಳಿಂದ ಬೇಲಿಯ ಈಚೆ ನಿಂತೇ ನೋಡುತ್ತಿದ್ದಳು. ದ್ವೀಪದ ತೆಂಕಣ ತುದಿಯ ಓಕ್ ಮರಗಳ ನಡುವೆ ಆ ಬಯಲು. ಮೇ ತಿಂಗಳು ಬಂತೆಂದರೆ ಅಲ್ಲಿ ಕ್ಯಾಮಸ್ ನೀಲಿಯಾಗಿ ಹೂ ಬಿಡುತ್ತದೆ. ಅದರ ಗೆಡ್ಡೆ ಕಿತ್ತು, ಕುಳಿ ತೋಡಿ, ಬಿಸಿ ಕಲ್ಲಿನ ಮೇಲೆ ಒಂದು ಹಗಲು ಒಂದು ರಾತ್ರಿ ಬೇಯಿಸಿದರೆ ಬೆಲ್ಲದಷ್ಟು ಸಿಹಿ. ಅದರ ಮಗ್ಗುಲಲ್ಲೇ ಇನ್ನೊಂದು ಗಿಡ ಬೆಳೆಯುತ್ತದೆ. ಗೆಡ್ಡೆ ಥೇಟ್ ಹಾಗೇ, ಆದರೆ ತಿಂದವರು ಮಾರನೆಯ ಬೆಳಗ್ಗೆ ಏಳುವುದಿಲ್ಲ. ಅದರ ಹೂವು ಬಿಳಿ. ಹೂವಿರುವ ಮೂರು ವಾರಗಳಲ್ಲೇ ಬಿಳಿಯದನ್ನೆಲ್ಲ ಹುಡುಕಿ ಕಿತ್ತೆಸೆಯಬೇಕು, ಹೂ ಉದುರಿದರೆ ಎರಡೂ ಒಂದೇ. ದ್ವೀಪದ ಮೂಲನಿವಾಸಿಗಳಾದ ಫಿಲಮೀನಾಳ ತಾಯಿ, ಅಜ್ಜಿ, ಮುತ್ತಜ್ಜಿ ಎಲ್ಲರೂ ಅದೇ ಕೆಲಸ ಮಾಡಿಕೊಂಡು ಬಂದಿದ್ದರು.

ಆಮೇಲೆ 'ಹಸಿರು ದಂಡೆ ಭೂನಿಧಿ' ಎಂಬ ಪರಿಸರ ದತ್ತಿಸಂಸ್ಥೆ ಬಯಲನ್ನು ಕೊಂಡು ಬೇಲಿ ಹಾಕಿತು. ಬಯಲನ್ನು ಕಾಪಾಡುವುದಕ್ಕಂತೆ. ಯಾರಿಂದ ಎಂದು ಕೇಳಿದರೆ, ಎಲ್ಲರಿಂದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಕೇಳಿದ್ದೇವೆ. ಇಲ್ಲಿ ಕಡಲಾಚೆಯಿಂದ ಬಂದು ಕೊಳ್ಳೆ ಹೊಡೆದವರ ಮೊಮ್ಮಕ್ಕಳೇ ಬಾಗಿಲು ಹಾಕಿಕೊಂಡು, ಮನೆಯವರನ್ನು ಹೊರಗೆ ನಿಲ್ಲಿಸಿದ್ದರು. ಫಿಲಮೀನಾ ಪ್ರತಿ ವಸಂತಕ್ಕೂ ಒಳಗೆ ಬಿಡಿ ಎಂದು ಅರ್ಜಿ ಹಾಕುತ್ತಿದ್ದಳು. 'ತಮ್ಮ ಕೋರಿಕೆ ಸಮಿತಿಯ ಮುಂದಿದೆ' ಎಂದು ಪ್ರತಿ ಶರತ್ಕಾಲಕ್ಕೂ ಉತ್ತರ ಬರುತ್ತಿತ್ತು, ಹೂ ಉದುರಿ ನಾಲ್ಕು ತಿಂಗಳಾದ ಮೇಲೆ. ಅಷ್ಟರಲ್ಲಿ ಬಿಳಿ ಹೂವು ಪಾತಿಯ ಅರ್ಧಕ್ಕೆ ಬಂದಿತ್ತು. ಇವಳಿಗೆ ಎಪ್ಪತ್ತೆಂಟು, ಮಂಡಿ ಮಾತು ಕೇಳುವುದಿಲ್ಲ. ತಂಗಿಯ ಮಗಳು ರೋಶೆಲ್‌ಗೆ ಈ ಹೂವಿನ ಕಾಲದಲ್ಲಿ ಕೈ ಹಿಡಿದು ಕಲಿಸದಿದ್ದರೆ ಆ ಪಾತಿಯ ಗೆಡ್ಡೆಯನ್ನು ಇನ್ನು ಯಾರೂ ನಂಬಿ ತಿನ್ನುವಂತಿರಲಿಲ್ಲ.

ಈ ವರ್ಷ ಉತ್ತರ ಬೇಗ ಬಂತು, ಆದರೆ ಅರ್ಜಿಗಲ್ಲ. ಭೂನಿಧಿಯು ಮೂಲನಿವಾಸಿಗಳೊಂದಿಗೆ 'ಸಾಮರಸ್ಯ ಸಂಕಲ್ಪ' ಮಾಡುವುದಂತೆ. ಹೂವಿನ ಕಾಲದಲ್ಲೇ ಬಯಲಿನ ಗೇಟಿನೆದುರು ಸಮಾರಂಭ, ಹಿರಿಯರು ಬಂದು ಹರಸಬೇಕು.

"ಹೋಗ್ಬೇಡ ದೊಡ್ಡಮ್ಮ," ಎಂದಳು ರೋಶೆಲ್. "ಫೋಟೋಕ್ಕೆ ಕರೀತಾರೆ, ಸ್ಯಾಂಡ್‌ವಿಚ್ ಕೊಟ್ಟು ಕಳಿಸ್ತಾರೆ."

"ಸ್ಯಾಂಡ್‌ವಿಚ್ ತಿನ್ನೋಣ ಬಿಡು. ಕೀಳೋ ಕೋಲು ಕಾರಲ್ಲಿ ಹಾಕು. ಬಕೆಟ್ಟೂ ಇರಲಿ."

ಗೇಟಿನ ಮೇಲೆ ದೊಡ್ಡ ಬ್ಯಾನರ್ ಕಟ್ಟಿದ್ದರು. ಭೂನಿಧಿಯ ಹೊಸ ಲಾಂಛನವಂತೆ, ನಡುವೆ ಒಂದು ಚೆಂದದ ಬಿಳಿ ಹೂವು. ಫಿಲಮೀನಾ ಕನ್ನಡಕ ಏರಿಸಿ ನೋಡಿದಳು. ಅವಳಿಗೆ ನಗು ಉಕ್ಕಿತು.

"ವಿಷದ್ದನ್ನೇ ಹುಡುಕಿ ಹಾಕ್ಕೊಂಡಿದಾರಲ್ಲೇ," ಎಂದು ಪಿಸುಗುಟ್ಟಿದಳು.

"ಹೇಳ್ಲಾ?"

"ಕೇಳ್ದಾಗ ಹೇಳೋಣ. ಇವತ್ತಿನವರೆಗೂ ನಮ್ಮನ್ನ ಏನೂ ಕೇಳಿಲ್ಲ."

ಭೂನಿಧಿಯ ನಿರ್ದೇಶಕ ಗ್ರೇಡನ್ ವಿಟ್ಲಾಕ್ ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡ. ಅವನು ಹೋಟೆಲೊಂದರಲ್ಲಿ ಮೂಲನಿವಾಸಿಗಳ ಪದ್ಧತಿಗಳ ಬಗ್ಗೆ ಎರಡು ದಿನ ತರಬೇತಿ ಪಡೆದು ಬಂದಿದ್ದ. ಇಲ್ಲಿಯ ಜನ ದೊಡ್ಡ ಮಾತು ಆಡುವ ಮುನ್ನ ಸಾಕ್ಷಿಗಳನ್ನು ಕರೆದು ಕೈಯಲ್ಲಿ ನಾಣ್ಯವಿಡುತ್ತಾರೆ ಎಂದು ಅಲ್ಲಿ ಕಲಿತಿದ್ದ. ನಾಣ್ಯ ತೆಗೆದುಕೊಂಡವರು ಕೇಳಿದ್ದನ್ನು ಸಾಯುವವರೆಗೂ ನೆನಪಿಟ್ಟು, ಕರೆದಾಗ ಎದ್ದು ಹೇಳಲೇಬೇಕು ಎಂಬ ಉಳಿದರ್ಧ ಎರಡನೆಯ ದಿನ ಮಧ್ಯಾಹ್ನ ಬಂದಿತ್ತು. ಆಗ ಅವನು ಫೋನಿನಲ್ಲಿದ್ದ.

"ನಿಮ್ಮ ಪದ್ಧತೀನ ನಾವೂ ಪಾಲಿಸ್ತೀವಿ ಹಿರಿಯರೇ," ಎಂದು ಹೆಮ್ಮೆಯಿಂದ ಹೇಳಿದ. "ನಾಲ್ಕು ಸಾಕ್ಷಿ ಕರೀತೀನಿ."

ಫಿಲಮೀನಾ ಮುಂದಿನ ಕುರ್ಚಿಯಲ್ಲಿ ಕೂತಳು. "ಒಳ್ಳೇದಪ್ಪ. ಕರಿ."

ಅವನು ಮೀನುಗಾರ ನಾರ್ಬರ್ಟನನ್ನು ಕರೆದ, ಅವನು ಫಿಲಮೀನಾಳ ದೊಡ್ಡಪ್ಪನ ಮಗ. ಶಾಲೆಯ ಟೀಚರನ್ನೂ ದೋಣಿ ನಿಲ್ದಾಣದ ಗುಮಾಸ್ತನನ್ನೂ ಕರೆದ. ಕೊನೆಗೆ ತನ್ನದೇ ಸಂಸ್ಥೆಯ ಅಧ್ಯಕ್ಷೆ, ಎಂಬತ್ತು ದಾಟಿದ ಮಿಸೆಸ್ ಹಾರ್ಗ್ರೀವ್‌ರ ಕೈಯಲ್ಲಿ ನಾಣ್ಯವಿಟ್ಟ. ಆಕೆ ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕಿವಿಯ ಯಂತ್ರ ಸರಿಪಡಿಸಿಕೊಂಡು, ನೆಟ್ಟಗೆ ಕೂತರು. ಅವರು ಯಾವುದನ್ನೂ ಅರೆಮನಸ್ಸಿನಿಂದ ಮಾಡುವವರಲ್ಲ.

ಗ್ರೇಡನ್ ಸಂಕಲ್ಪ ಓದಿದ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ತನ್ನ ದನಿಗೆ ತಾನೇ ಕರಗಿ ಕಾಗದ ಮಡಿಸಿಟ್ಟುಬಿಟ್ಟ. "ಮನಸ್ಸಿನಿಂದ ಹೇಳ್ತೀನಿ. ಈ ಬಯಲು ನಿಮ್ಮದು. ನೀವು ಯಾವತ್ತೂ ಇದನ್ನ ಯಾರಿಗೂ ಕೊಟ್ಟಿಲ್ಲ. ನಾವಿಲ್ಲಿ ಬರೀ ಅತಿಥಿಗಳು." ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಚಪ್ಪಾಳೆ ಬಿತ್ತು. ಹರಸಲು ಫಿಲಮೀನಾಳನ್ನು ಕರೆದರು.

ಅವಳು ಎದ್ದು, ಗೆಡ್ಡೆ ಕೀಳುವ ಕೋಲನ್ನೇ ಊರಿಕೊಂಡು ಮುಂದೆ ಬಂದಳು. "ಹರಸೋದು ಆಮೇಲೆ. ಮೊದಲು ಸಾಕ್ಷಿಗಳು ಹೇಳ್ಲಿ. ಏನು ಕೇಳಿಸ್ಕೊಂಡ್ರಿ?"

ನಾರ್ಬರ್ಟ್ ಎದ್ದ. "ಬಯಲು ನಮ್ಮದು ಅಂದ್ರು." ಟೀಚರೂ ಗುಮಾಸ್ತನೂ ಅದನ್ನೇ ಹೇಳಿದರು. ಗ್ರೇಡನ್ ನಗುತ್ತಲೇ ಇದ್ದ, ಇದೂ ಕಾರ್ಯಕ್ರಮದ ಭಾಗವೆಂದು. ಮಿಸೆಸ್ ಹಾರ್ಗ್ರೀವ್ ಎದ್ದು, ಪಾಠ ಒಪ್ಪಿಸುವವರಂತೆ ಒಂದೊಂದೇ ಮಾತು ಹೇಳಿದರು. "ಬಯಲು ನಿಮ್ಮದು. ನೀವು ಯಾರಿಗೂ ಕೊಟ್ಟಿಲ್ಲ. ನಾವು ಬರೀ ಅತಿಥಿಗಳು."

"ಹಾಗಿದ್ರೆ ಗೇಟು ತೆಗಿ ತಮ್ಮಾ," ಎಂದಳು ಫಿಲಮೀನಾ. "ಮನೆಯವರಿಗೆ ಒಳಗೆ ಕೆಲಸ ಇದೆ."

ಗ್ರೇಡನ್ ಮಡಿಸಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ. "ಹಿರಿಯರೇ, ಅದು... ನಾನು ಹೇಳಿದ್ದು ಭಾವನೆಯ ಮಾತು. ಒಳಗೆ ಹೋಗೋದಕ್ಕೆ ಸಮಿತಿ..."

"ಸಮಿತಿ ಅಂತ ನಾನು ಕೇಳ್ಲಿಲ್ಲಪ್ಪ," ಎಂದ ನಾರ್ಬರ್ಟ್. "ನಿಮಗೆ ಕೇಳಿಸ್ತಾ ತಾಯಿ?"

"ಇಲ್ಲ," ಎಂದರು ಮಿಸೆಸ್ ಹಾರ್ಗ್ರೀವ್. "ಆ ಪದ ಬರಲೇ ಇಲ್ಲ. ಬೀಗ ತೆಗಿ ಗ್ರೇಡನ್."

ಅಧ್ಯಕ್ಷೆಯ ಮಾತು, ಎದುರಿಗೆ ಪತ್ರಿಕೆಯವರು. ಅವನು ಬೀಗ ತೆಗೆದ.

ಪಾತಿಯ ಬಳಿ ಬಂದಾಗ ಫಿಲಮೀನಾಳ ನಗು ಆರಿತು. ಬೇಲಿಯಾಚೆಯಿಂದ ಕಂಡದ್ದಕ್ಕಿಂತ ಬಿಳಿ ಹೆಚ್ಚಿತ್ತು. ಎರಡು ನೀಲಿಗೆ ಮೂರು ಬಿಳಿ. ಹನ್ನೊಂದು ವರ್ಷ ಕಾಪಾಡಿದ್ದು ಇದನ್ನೇ ಎಂದು ಅವಳಿಗೆ ಅಳು ಬಂತು, ಸಿಟ್ಟೂ ಬಂತು. ನೆಲಕ್ಕೆ ಮಂಡಿಯೂರಿ, ರೋಶೆಲ್‌ಳ ಕೈಯನ್ನು ಕೋಲಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟಳು.

"ಕಾಂಡ ಹಿಡಿದು ಎಳೀಬೇಡ, ಗೆಡ್ಡೆ ಒಳಗೇ ಉಳಿಯುತ್ತೆ. ಪಕ್ಕದಿಂದ ಮೀಟು. ಹಾಂ, ಹಾಗೆ."

ರೋಶೆಲ್ ಮೊದಲನೆಯದನ್ನು ಗೆಡ್ಡೆ ಸಮೇತ ಎತ್ತಿ ಬಕೆಟ್ಟಿಗೆ ಹಾಕಿದಳು. ಎರಡನೆಯದನ್ನು ದೊಡ್ಡಮ್ಮನ ಕೈಯಿಲ್ಲದೆ ಎತ್ತಿದಳು. ಅತಿಥಿ ಗ್ರೇಡನ್ ಹಿಂದೆಯೇ ಬಂದು, ಬಕೆಟ್ಟಿನೊಳಗೆ ಇಣುಕಿ, ಬ್ಯಾನರಿನತ್ತ ತಿರುಗಿ ನೋಡಿ, ಮತ್ತೆ ಬಕೆಟ್ಟಿಗೆ ಇಣುಕಿದ.

"ಹಿರಿಯರೇ, ಇದು... ಇದು ನಮ್ಮ ಹೂವಲ್ವಾ?"

"ಹೂಂ ಕಣಪ್ಪ, ನಿಮ್ಮದೇ," ಎಂದಳು ಫಿಲಮೀನಾ ತಲೆಯೆತ್ತದೆ. "ಮೊದಲು ಇದನ್ನೇ ಕೀಳ್ಬೇಕು. ಬಾ, ಬಕೆಟ್ ಹಿಡ್ಕೋ."