ಬಿಳಿಯ ಮೇಲೆ ಬಿಳಿ

ಆ ಅಡುಗೆಮನೆಯಲ್ಲಿ ಇಬ್ಬರು ನಿಲ್ಲಬಹುದಿತ್ತು, ಫ್ರಿಜ್ಜಿನ ಬಾಗಿಲು ಮುಚ್ಚಿದ್ದರೆ ಮಾತ್ರ. ಬಾಗಿಲು ತೆಗೆಯಬೇಕೆಂದರೆ ಒಬ್ಬರು ಹೊರಗೆ ಹೋಗಲೇಬೇಕು. ಹೋಗುವವಳು ಯಾವಾಗಲೂ ಮಗಳೇ. ಅಪ್ಪ ಒಲೆ ಬಿಟ್ಟು ಕದಲುವ ಪೈಕಿಯಲ್ಲ.

"ನಡಿ ಹೊರಗೆ, ಮೊಟ್ಟೆ ತಗೋಬೇಕು" ಎನ್ನುತ್ತಿದ್ದ.

ಬಾಡಿಗೆ ಕಟ್ಟುವವಳೂ ಅವಳೇ, ಹೊರಗೆ ನಿಲ್ಲುವವಳೂ ಅವಳೇ.

ಗಂಡನನ್ನು ಬಿಟ್ಟು ಬಂದ ಮೇಲೆ ಅವಳು ಹಿಡಿದ ಮನೆ ಅದು. ಒಂದು ಕೋಣೆ, ಅದರ ಬಾಲದ ಹಾಗೆ ಒಂದು ಅಡುಗೆಮನೆ. ಮೊದಮೊದಲು ಅವಳು ಅಲ್ಲಿ ಒಲೆ ಹಚ್ಚಿದ್ದೇ ಕಮ್ಮಿ. ಒಬ್ಬಳಿಗೆ ಏನು ಮಹಾ ಅಡುಗೆ ಎಂದು ಬ್ರೆಡ್ಡಿನಲ್ಲೇ ದಿನ ತಳ್ಳುತ್ತಿದ್ದಳು. ಒಲೆಯ ಮೇಲೆ ಹೆಲ್ಮೆಟ್ ಇರುತ್ತಿತ್ತು. ಆಮೇಲೆ ಅಪ್ಪ ಬಂದ. ಜೀವಮಾನವಿಡೀ ಲಾರಿ ಓಡಿಸಿದವನು, ಒಂದು ದಿನ ಕೀಲಿಯನ್ನು ಮಾಲೀಕನ ಕೈಗೆ ಕೊಟ್ಟು, ಟ್ರಂಕು ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದು, "ಮಂಡಿ ಕೈಕೊಟ್ಟಿತು ಕಣೇ" ಎಂದ. ಟ್ರಂಕು ಹೊತ್ತು ಮೆಟ್ಟಿಲು ಹತ್ತುವ ಮಂಡಿ ಕೈಕೊಟ್ಟಿದ್ದು ಹೇಗೆ ಎಂದು ಅವಳು ಕೇಳಬೇಕಿತ್ತು. ಕೇಳಲಿಲ್ಲ. ಮನೆಗೆ ಒಬ್ಬರು ಬಂದರಲ್ಲ ಎಂಬ ಖುಷಿಯಲ್ಲಿ ಯಾರು ಲೆಕ್ಕ ಕೇಳುತ್ತಾರೆ?

ಬಂದ ದಿನವೇ ಅವನು ಹೆಲ್ಮೆಟ್ಟನ್ನು ಕೆಳಗಿಳಿಸಿ ಬಾಣಲೆ ಏರಿಸಿದ. ರಸ್ತೆ ಬದಿಯಲ್ಲಿ, ಲಾರಿಯ ನೆರಳಲ್ಲಿ, ಸ್ಟವ್ ಇಟ್ಟು ಬೇಯಿಸಿಕೊಂಡು ತಿಂದವನ ಕೈ ಅದು. ಅಳತೆ ಗೊತ್ತಿಲ್ಲ, ರುಚಿ ತಪ್ಪುವುದಿಲ್ಲ. ಸಂಜೆ ಅವಳು ಕೆಲಸ ಮುಗಿಸಿ ಬಂದರೆ ಕೆಳಗಿನ ಬಾಗಿಲಿಗೇ ಹುರಿದ ಈರುಳ್ಳಿಯ ವಾಸನೆ ಬಂದು ಎದುರುಗೊಳ್ಳುತ್ತಿತ್ತು. ಆ ವಾಸನೆಗೆ ತಾನು ಎಷ್ಟು ಒಗ್ಗಿಹೋಗಿದ್ದೇನೆ ಎಂಬುದು ಅವಳಿಗೆ ತಿಳಿದದ್ದು ಸೋದರತ್ತೆಯ ಫೋನುಗಳು ಶುರುವಾದ ಮೇಲೆ.

ಅತ್ತೆಯದು ದೊಡ್ಡ ಮನೆ, ದೊಡ್ಡ ಅಂಗಳ, ಅದಕ್ಕೂ ದೊಡ್ಡದು ಗಂಟಲು. ಅಪ್ಪ ಫೋನನ್ನು ಕಿವಿಗೆ ಎಷ್ಟು ಒತ್ತಿ ಹಿಡಿದರೂ ಮಾತು ಪೂರಾ ಕೇಳುತ್ತಿತ್ತು. "ಆ ಗೂಡಲ್ಲಿ ಹೊಗೆ ಕುಡ್ಕೊಂಡು ಏನ್ ಮಾಡ್ತೀಯೋ? ಇಲ್ಲಿಗೆ ಬಾ. ಆರಾಮಾಗಿ ಕೂತ್ಕೋ."

"ನೋಡೋಣ ಅಕ್ಕ" ಎನ್ನುತ್ತಿದ್ದ ಅಪ್ಪ.

ಅವರ ವಂಶದಲ್ಲಿ "ನೋಡೋಣ" ಅಂದರೆ ಹೂಂ ಎಂದೇ ಅರ್ಥ, ಇವತ್ತಲ್ಲ ಅಷ್ಟೆ.

ಕೆಲವು ದಿನ ಇದ್ದು ಬರುತ್ತೇನೆಂದು ಅಪ್ಪ ಅತ್ತೆಯ ಮನೆಗೆ ಹೋದಾಗ, ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅದನ್ನು ಅತ್ತೆಯ ಕಣ್ಣಿನಿಂದ ನೋಡಿದಳು. ಬುಡದಲ್ಲಿ ನೀರು ಕುಡಿದು ಉಬ್ಬಿದ ಕಂದು ಕಪಾಟುಗಳು. ಎಣ್ಣೆ ಹೊಗೆಗೆ ಜಿಡ್ಡುಗಟ್ಟಿದ ಗೋಡೆ. ಗೀರುಬಿದ್ದ ಕಪ್ಪು ಕಲ್ಲಿನ ಕಟ್ಟೆ. ಅದರ ಮೇಲೆ ಅಪ್ಪನ ಡಬ್ಬಗಳ ಜಾತ್ರೆ: ಉಪ್ಪಿಗೆ ಬಿಸ್ಕತ್ತಿನ ಕೆಂಪು ಡಬ್ಬ, ಸಕ್ಕರೆಗೆ ನೀಲಿ ಡಬ್ಬ, ಬೇಳೆಗೆ ಯಾವುದೋ ಔಷಧಿಯ ಹಸಿರು ಡಬ್ಬ. ಒಂದಕ್ಕೊಂದು ಸಂಬಂಧವೇ ಇಲ್ಲ. ಇಂಥ ಜಾಗ ಬಿಟ್ಟು ಅಂಗಳದ ಮನೆಗೆ ಯಾರು ತಾನೆ ಹೋಗುವುದಿಲ್ಲ?

ಮಹಡಿಯ ಓನರಮ್ಮನ ಕಾನೂನು ಗಟ್ಟಿಯಾಗಿತ್ತು. ಮೊಳೆ ಹೊಡೆಯುವ ಹಾಗಿಲ್ಲ, ಬಣ್ಣ ಬಳಿಯುವ ಹಾಗಿಲ್ಲ, ಖಾಲಿ ಮಾಡುವಾಗ ಕೊಟ್ಟದ್ದು ಕೊಟ್ಟ ಹಾಗೇ ಇರಬೇಕು. ಪಕ್ಕದ ಮನೆಯಲ್ಲಿ ಸುತ್ತಿಗೆ ಸದ್ದಾದರೂ ಆಕೆ ಇವಳ ಬಾಗಿಲಿಗೆ ಬಂದು ಇಣುಕಿ ಹೋಗುತ್ತಿದ್ದಳು. ಇನ್ನು ಹೊಸದಾಗಿ ಏನಾದರೂ ಮಾಡಿಸೋಣವೆಂದರೆ ಕೈಯಲ್ಲಿ ಕಾಸಿಲ್ಲ. ಆದರೆ ಅವಳಿಗೆ ಒಂದು ಕೆಲಸ ಚೆನ್ನಾಗಿ ಬರುತ್ತಿತ್ತು. ಗಾಡಿಗಳಿಗೆ ಸ್ಟಿಕ್ಕರ್ ಅಂಟಿಸುವ ಅಂಗಡಿಯಲ್ಲಿ ಅವಳು ಕೆಲಸಗಾರ್ತಿ. ಹಾಲಿನ ಕಂಪನಿಯೊಂದು ತನ್ನ ವ್ಯಾನುಗಳಿಗೆಂದು ಹೇಳಿ ಕೊನೆಗೆ ಬೇಡವೆಂದ ಬಿಳಿ ಸ್ಟಿಕ್ಕರ್ ಹಾಳೆಯ ಸುರುಳಿಯೊಂದು ಅಂಗಡಿಯ ಮೂಲೆಯಲ್ಲಿ ನಿಂತಿತ್ತು.

"ತಗೊಂಡು ಹೋಗಮ್ಮ, ಮೂಲೆ ಖಾಲಿ ಆಗ್ಲಿ" ಎಂದ ಅಂಗಡಿಯ ಯಜಮಾನ. "ಬರೀ ಹೋಗೋದು ಬೇಡ, ಗುಡಿಸಿ ಹೋಗು."

ಅವಳು ಗುಡಿಸಿ, ಸುರುಳಿಯನ್ನು ಹೆಗಲ ಮೇಲೆ ಹೊತ್ತು ತಂದಳು. ಕಪಾಟಿನ ಬಾಗಿಲುಗಳನ್ನು ಸೋಪಿನ ನೀರಲ್ಲಿ ಉಜ್ಜಿ, ಒಣಗಿಸಿ, ಹಾಳೆ ಕತ್ತರಿಸಿ, ಬಟ್ಟೆ ಸುತ್ತಿದ ಪಟ್ಟಿಯಿಂದ ಒಂದು ಗುಳ್ಳೆಯೂ ಏಳದಂತೆ ತೀಡಿ ತೀಡಿ ಅಂಟಿಸಿದಳು. ಮೂಲೆಗಳಿಗೆ ಕೂದಲು ಒಣಗಿಸುವ ಯಂತ್ರದ ಬಿಸಿ ಹಿಡಿದು ಬಾಗಿಸಿದಳು. ಕಪಾಟು ಬಿಳಿ, ಗೋಡೆ ಬಿಳಿ, ಕಪ್ಪು ಕಟ್ಟೆಯೂ ಬಿಳಿ. ಅಪ್ಪನ ಡಬ್ಬಗಳನ್ನು ಅಟ್ಟಕ್ಕೆ ಎಸೆದು, ಒಂದೇ ಅಳತೆಯ ಅಗ್ಗದ ಡಬ್ಬಗಳನ್ನು ತಂದು, ಅವಕ್ಕೂ ಬಿಳಿ ಸುತ್ತಿ, ಮೇಲೆ ತಿಳಿಬೂದಿ ಬಣ್ಣದ ಸಣ್ಣ ಅಕ್ಷರಗಳಲ್ಲಿ ಉಪ್ಪು, ಸಕ್ಕರೆ, ಬೇಳೆ ಎಂದು ಕತ್ತರಿಸಿ ಅಂಟಿಸಿದಳು. ಹಳೆಯ ಸ್ಟೀಲ್ ಲೋಟಗಳೂ ಅಟ್ಟ ಸೇರಿದವು. ಅವುಗಳ ಜಾಗಕ್ಕೆ ಬಿಳಿ ಪಿಂಗಾಣಿ ಕಪ್ಪುಗಳು ಬಂದವು. ಮುಗಿದ ಮೇಲೆ ಅವಳೇ ಚಪ್ಪಲಿ ಬಿಟ್ಟು ಒಳಗೆ ಹೋದಳು.

ಅಪ್ಪ ಬಂದವನು ಹೊಸ್ತಿಲಲ್ಲೇ ನಿಂತ.

"ಹಾಲಿನ ವ್ಯಾನೊಳಗೆ ಹೊಕ್ಕ ಹಾಗಿದೆ" ಎಂದ.

ಅವಳು ನಕ್ಕಳು. "ಚೆನ್ನಾಗಿಲ್ವಾ ಅಪ್ಪ?"

"ಚೆನ್ನಾಗಿದೆ. ತುಂಬಾ ಬೆಳಕು." ಗುರುತಿಲ್ಲದ ನಾಯಿಯ ತಲೆ ಸವರುವವನ ಹಾಗೆ ಅವನು ಗೋಡೆಯನ್ನು ಮೆಲ್ಲಗೆ ಮುಟ್ಟಿದ.

ಅಲ್ಲಿಂದ ಅವನ ಕೈ ಕೆಟ್ಟಿತು. ಮೊದಲು ಒಂದು ಕಪ್ಪು ಒಡೆಯಿತು. ಕಟ್ಟೆ ಇಲ್ಲದ ಕಡೆ ಇಟ್ಟಿದ್ದ. ಆಮೇಲೆ ಮೊಟ್ಟೆಗೆ ಸಕ್ಕರೆ ಬಿತ್ತು. "ಇದೇನು, ಮಿಠಾಯಿ ಅಂಗಡಿ ಇಡ್ತೀಯಾ?" ಎಂದು ಅವಳು ತಮಾಷೆ ಮಾಡಿದಳು. ಮರುದಿನ ಬೇಳೆಗೂ ಸಕ್ಕರೆಯೇ ಬಿದ್ದಾಗ ತಮಾಷೆ ಮಾಡಲಿಲ್ಲ. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಚೆಲ್ಲಿದ ಹಾಲು ನೆಲಕ್ಕಿಳಿದು, ಅವಳು ಜಾರಿ ಕುಕ್ಕರಿಸಿ ಬಿದ್ದಳು.

"ಕಣ್ಣೆಲ್ಲಿ ಇಟ್ಕೊಂಡಿದ್ದೆ ಅಪ್ಪ?"

"ಇನ್ನೆಲ್ಲಿ, ತಲೇಲಿ" ಎಂದು ಅವನು ಬಟ್ಟೆ ತೆಗೆದುಕೊಂಡು ಒರೆಸಿದ. ಹಾಲು ಒಂದು ಕಡೆ ಇತ್ತು, ಅವನು ಒರೆಸಿದ್ದು ಇನ್ನೊಂದು ಕಡೆ. ಬೇಕೆಂದೇ ಹೀಗೆ ಮಾಡುತ್ತಿದ್ದಾನೆ, ತಾನು ಕಷ್ಟಪಟ್ಟು ಮಾಡಿದ್ದು ಹಿಡಿಸಿಲ್ಲ, ಬಾಯಿಬಿಟ್ಟು ಹೇಳುವ ಬದಲು ಹೀಗೆ ತೋರಿಸುತ್ತಿದ್ದಾನೆ ಎಂದುಕೊಂಡಳು. ಕ್ರಮೇಣ ಅಡುಗೆಯೂ ಕಮ್ಮಿಯಾಯಿತು. ಮೇಜಿನ ಮೇಲೆ ಮತ್ತೆ ಬ್ರೆಡ್ ಬಂತು. ಸಂಜೆ ಕೆಳಗಿನ ಬಾಗಿಲಲ್ಲಿ ಯಾವ ವಾಸನೆಯೂ ಇರಲಿಲ್ಲ.

ರಜೆಯ ದಿನ ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು.

"ಅಕ್ಕ ಕರೀತಿದ್ದಾಳೆ" ಎಂದ ಅಪ್ಪ, ಅಂಗಿ ಮಡಚುತ್ತ.

"ಈಗ ತಾನೆ ಹೋಗಿ ಬಂದೆಯಲ್ಲ?"

"ಈ ಸಲ ಸ್ವಲ್ಪ ಜಾಸ್ತಿ ದಿನ ಇರ್ತೀನಿ."

"ಎಷ್ಟು ಜಾಸ್ತಿ?"

"ನೋಡೋಣ."

ಆ ಮಾತು ಕೇಳಿದ್ದೇ ಅವಳ ಪಿತ್ತ ನೆತ್ತಿಗೇರಿತು. "ಅಡುಗೆಮನೆ ಹಿಡಿಸ್ಲಿಲ್ಲ ಅಂದ್ರೆ ಹಿಡಿಸ್ಲಿಲ್ಲ ಅನ್ನು. ಕಪ್ಪು ಒಡೆಯೋದು, ಹಾಲು ಚೆಲ್ಲೋದು ಯಾಕೆ? ನಿನಗೋಸ್ಕರ ಬೆನ್ನು ಮುರ್ಕೊಂಡು ಮಾಡಿದ್ದು ನಾನು. ಅತ್ತೆ ಮನೆ ಅಂಗಳ ತರೋಕೆ ನನ್ನ ಕೈಲಾಗಲ್ಲ."

"ಅಡುಗೆಮನೆ ಚೆನ್ನಾಗಿದೆ ಕಣೇ."

"ಹಾಗಾದ್ರೆ ನಾನು ಚೆನ್ನಾಗಿಲ್ಲ."

ಅಪ್ಪ ಮಡಚಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದ. ಅವಳು ಮುಖ ತಪ್ಪಿಸಲು ಒಳಗೆ ಹೋಗಿ ಹಾಲು ಕಾಯಿಸಿದಳು. ಲಾರಿಯವರಲ್ಲಿ ಟೀ ಮುಟ್ಟದವನು ಒಬ್ಬನೇ ಒಬ್ಬ ಇದ್ದರೆ ಅದು ಅವಳಪ್ಪ. ಜೊತೆಯವರು ಎಷ್ಟು ಗೇಲಿ ಮಾಡಿದರೂ ಅವನಿಗೆ ಹಾಲೇ ಬೇಕು. ಕಪ್ಪಿಗೆ ಬಗ್ಗಿಸಿ, ಕಟ್ಟೆಯ ಮೇಲಿಟ್ಟು, "ಕುಡಿದಾದ್ರೂ ಹೋಗು" ಎಂದಳು.

ಅವನು ಬಂದು ಕಟ್ಟೆಯ ಮುಂದೆ ನಿಂತ. ಕಾದ.

"ಕೊಡು ಮತ್ತೆ" ಎಂದ.

"ಮುಂದೇನೇ ಇದೆಯಲ್ಲ."

ಅಪ್ಪನ ಕೈ ಮೇಲೆದ್ದಿತು. ಅದು ಕಪ್ಪಿನ ಕಡೆ ಹೋಗಲಿಲ್ಲ. ಅಂಗೈ ಚಪ್ಪಟೆಯಾಗಿ ಕಟ್ಟೆಗೆ ತಾಗಿ, ಒಂದು ಬದಿಯಿಂದ ನಿಧಾನವಾಗಿ ಸರಿಯತೊಡಗಿತು. ಇನ್ನೂ ಆಟ ಆಡುತ್ತಿದ್ದಾನಲ್ಲ ಎಂದು ಸಿಟ್ಟಿನಿಂದ ಅವಳು ಕಪ್ಪನ್ನು ಅವನತ್ತ ತಳ್ಳಲು ಕೈ ಚಾಚಿದಳು. ಅಂಟು ಮೆತ್ತಿ ಕರ್ರಗಾದ ಅವಳ ಕೈ ಕಪ್ಪಿನ ಹಿಂದೆ ಬಂದದ್ದೇ ತಡ, ಅಪ್ಪನ ಕೈ ನೆಟ್ಟಗೆ ಬಂದು ಕಪ್ಪನ್ನು ಹಿಡಿಯಿತು.

ಅವಳು ಕಪ್ಪನ್ನು ಅವನ ಕೈಯಿಂದ ತೆಗೆದು ಮತ್ತೆ ಕಟ್ಟೆಯ ಮೇಲಿಟ್ಟು ಕೈ ಹಿಂದಕ್ಕೆಳೆದಳು. ಅವನ ಕೈ ಗಾಳಿಯಲ್ಲಿ ನಿಂತಿತು. ಅವಳು ಕಪ್ಪಿನ ಹಿಂದೆ ಅಂಗೈ ಅಡ್ಡ ಹಿಡಿದಳು. ಅವನು ಹಿಡಿದುಕೊಂಡ.



"ಯಾವಾಗಿಂದ?" ಎಂದಳು.

"ಏನು ಯಾವಾಗಿಂದ?"

"ಅಪ್ಪ."

"ಲಾರಿ ಬಿಡೋಕೆ ಮುಂಚಿಂದ."

"ಮಂಡಿ?"

"ಮಂಡಿ ಕಲ್ಲಿನ ಹಾಗಿದೆ." ಅವನು ಒಂದು ಗುಟುಕು ಹಾಲು ಕುಡಿದ. "ಪೂರ್ತಿ ಕಾಣಲ್ಲ ಅಂತೇನಲ್ಲ. ನೀನು ಕಾಣ್ತೀಯ. ಸಿಟ್ಟು ಬಂದಿರೋದೂ ಕಾಣತ್ತೆ. ಕರೀ ಮೇಲೆ ಬಿಳಿ ಇದ್ರೆ ಸರಿ, ಬಿಳಿ ಮೇಲೆ ಬಿಳಿ ಇದ್ರೆ ಎಲ್ಲ ಒಂದೇ ಮಂಜು. ಯಾರಿಗಾದ್ರೂ ಗುದ್ದೋಕೆ ಮುಂಚೆ ಕೀಲಿ ಕೊಟ್ಟುಬಿಟ್ಟೆ."

"ಡಾಕ್ಟ್ರು?"

ಅವನು ಜೇಬಿನಿಂದ ಪುಟ್ಟ ಸೀಸೆ ತೆಗೆದು ತೋರಿಸಿದ. "ಹೋಗಿದ್ದು ಹೋಯ್ತಂತೆ. ಇದನ್ನ ಹಾಕ್ತಾ ಇದ್ರೆ ಉಳಿದಿದ್ದು ಉಳಿಯತ್ತಂತೆ."

"ಅದು ಮೂಗಿಗೆ ಹಾಕೋ ಔಷಧಿ ಅಂತ ನೀನೇ ಅಂದಿದ್ದೆ."

"ಮೂಗಿನ ಪಕ್ಕದ್ದೇ ತಾನೆ."

ನಗು ಬರುವಂತಿದ್ದರೂ ಅವಳು ನಗಲಿಲ್ಲ. "ನನಗೆ ಹೇಳಬಾರ್ದಾಗಿತ್ತಾ?"

"ಏನಂತ ಹೇಳ್ಲಿ? ಈ ಮನೇಲಿ ನಾನು ಮಾಡ್ತಿದ್ದಿದ್ದು ಅದೊಂದು ಅಡುಗೆ. ಡಬ್ಬದ ಬಣ್ಣ ನೋಡ್ಕೊಂಡು, ಕರೀ ಕಟ್ಟೆ ನೋಡ್ಕೊಂಡು ಹೇಗೋ ಗಾಡಿ ಓಡ್ತಿತ್ತು. ಅದೂ ಆಗಲ್ಲ ಅಂದ್ಮೇಲೆ ಕೂತು ತಿನ್ನೋ ಆಸಾಮಿ ಆಗ್ತೀನಿ. ಅಕ್ಕನ ಮನೇಲಿ ಅಂಥವರು ಬೇಕಾದಷ್ಟು ಜನ ಇದ್ದಾರೆ. ಅವರ ಮಧ್ಯೆ ನಾನೊಬ್ಬ ಕೂತ್ರೆ ಯಾರಿಗೂ ಗೊತ್ತಾಗಲ್ಲ. ಇಲ್ಲಿ ನೀನೊಬ್ಬಳೇ. ನಿನಗೆ ಗೊತ್ತಾಗತ್ತೆ."

ಅವಳು ಕಟ್ಟೆಯ ತುದಿಗೆ ಉಗುರು ಹಾಕಿ ಬಿಳಿ ಹಾಳೆಯನ್ನು ಎಬ್ಬಿಸಿ, ಎರಡೂ ಕೈಯಲ್ಲಿ ಹಿಡಿದು ಎಳೆದಳು. ಪರ್‍ರೆಂದು ಕಿತ್ತುಕೊಂಡು ಬಂತು. ಗುಳ್ಳೆ ಏಳದಂತೆ ಅಂಟಿಸಿದ್ದು ಇದನ್ನೇ. ಕೆಳಗೆ ಹಳೆಯ ಕಪ್ಪು ಕಲ್ಲು, ಗೀರುಗಳ ಸಮೇತ, ಹಾಗೇ ಇತ್ತು. ಅಪ್ಪನ ಕೈಯಿಂದ ಕಪ್ಪನ್ನು ಕಸಿದು ಅದರ ಮೇಲೆ ಕುಕ್ಕಿದಳು.

"ಈಗ?"

"ಅಗೋ" ಎಂದ ಅಪ್ಪ. "ನಿಂತಿದೆ."

ಮರುದಿನ ಅವಳು ಅಂಗಡಿಯಿಂದ ಬರುವಾಗ ಚೀಲದಲ್ಲಿ ಲಾರಿಗಳ ಹಿಂಬದಿಗೆ ಅಂಟಿಸುವ ಹೊಳೆಯುವ ಪಟ್ಟಿಯ ತುಂಡುಗಳಿದ್ದವು, ಹಳದಿ ಮತ್ತು ಕೆಂಪು. ಅಪ್ಪ ಒಂದನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿ, ಹಳೆಯ ಸ್ನೇಹಿತನನ್ನು ಕಂಡವನಂತೆ ಅರಳಿದ.

"ಇದು ಒಂದು ಮೈಲಿ ದೂರದಿಂದ ಕಾಣತ್ತೆ, ಗೊತ್ತಾ?"

"ಈ ಅಡುಗೆಮನೇಲಿ ಒಂದು ಮೈಲಿ ಎಲ್ಲಿದೆ ಹುಡುಕಿಕೊಡು."

ಕಟ್ಟೆಯ ಅಂಚಿಗೆ ಉದ್ದಕ್ಕೂ ಹಳದಿ ಬಂತು. ಕಪಾಟಿನ ಹಿಡಿಗಳಿಗೆ ಕೆಂಪು ಬಂತು. ಒಲೆಯ ತಿರುಗಣೆಗಳಿಗೆ ಆರಿಸುವ ಕಡೆ ಒಂದೊಂದು ಕೆಂಪು ಚೂರು. ಎಲ್ಲಿ ಅಂಟಿಸಬೇಕೆಂದು ಹೇಳುವವನು ಅಪ್ಪ, ಅಂಟಿಸುವವಳು ಅವಳು. ಗೋಡೆಯ ಬಿಳಿಯನ್ನೂ ಕೀಳಲು ಹೋದಾಗ ಅವನು ತಡೆದ. "ಅದು ಇರ್ಲಿ. ಅದರ ಮುಂದೆ ಬಾಣಲೆ ಚೆನ್ನಾಗಿ ಕಾಣತ್ತೆ." ಅಟ್ಟದಿಂದ ಕೆಂಪು ಡಬ್ಬ, ನೀಲಿ ಡಬ್ಬ, ಹಸಿರು ಡಬ್ಬ, ಸ್ಟೀಲ್ ಲೋಟಗಳು ಕೆಳಗಿಳಿದವು. ಬಿಳಿ ಗೋಡೆಯ ಮುಂದೆ ಅವು ಮೊದಲಿಗಿಂತ ಎದ್ದು ಕಂಡವು.

ಅವಳು ಚಿಕ್ಕವಳಿದ್ದಾಗ ರಜೆಯಲ್ಲಿ ಅಪ್ಪನ ಜೊತೆ ಲಾರಿಯಲ್ಲಿ ಹೋಗುತ್ತಿದ್ದಳು. ಹಿಂದಕ್ಕೆ ತೆಗೆಯುವಾಗ ಇಳಿದು ನಿಂತು, ಕ್ಲೀನರ್ ಹುಡುಗರ ಹಾಗೆ ಲಾರಿಯ ಮೈ ತಟ್ಟುತ್ತ ಕೂಗುವ ಕೆಲಸ ಅವಳದಾಗಿತ್ತು. ಈಗ ಅಪ್ಪ ತುಂಬಿದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟೆಯತ್ತ ತಿರುಗಿದಾಗ, ಅವಳ ಬಾಯಿಂದ ಅದು ತಾನಾಗಿ ಬಂತು.

"ಬರ್ಲಿ... ಬರ್ಲಿ... ಎಡಕ್ಕೆ ಸ್ವಲ್ಪ... ಬರ್ಲಿ... ಹೋಲ್ಡಾನ್."

ಪಾತ್ರೆ ಹಳದಿ ಪಟ್ಟಿಯ ಒಳಗೆ ಕೂತಿತು.

"ಕ್ಲೀನರ್‍ಗೆ ಸಂಬಳ ಇಲ್ಲ, ಊಟ ಮಾತ್ರ" ಎಂದ ಅಪ್ಪ.

ಹಿಂದಿನ ದಿನ ಹಾಳೆ ಕಿತ್ತ ಸದ್ದಿಗೆ ಅನುಮಾನ ಬಂದಿದ್ದ ಓನರಮ್ಮ ಆ ಸಂಜೆ ಬಂದು ಇಣುಕಿದಳು. "ಏನ್ರೀ ಇದು? ಅಡುಗೆಮನೇನೋ ಲಾರಿ ಶೆಡ್ಡೋ?"

"ಮೊಳೆ ಹೊಡೆದಿಲ್ಲ, ಬಣ್ಣ ಬಳಿದಿಲ್ಲ" ಎಂದಳು ಮಗಳು.

ಓನರಮ್ಮ ಹಳದಿ ಪಟ್ಟಿಯನ್ನು ಒಂದು ಸಲ, ಅಪ್ಪನನ್ನು ಒಂದು ಸಲ ನೋಡಿದಳು. ಬಾಗಿಲವರೆಗೂ ಹೋಗಿ ತಿರುಗಿ, ದನಿ ತಗ್ಗಿಸಿ, "ಅದು ಮಿಕ್ಕಿದ್ರೆ ನಮ್ಮ ಮೆಟ್ಟಿಲಿಗೂ ಒಂದಿಷ್ಟು ಅಂಟಿಸಮ್ಮ" ಎಂದು ಹೋದಳು.

ಅತ್ತೆಯ ಫೋನು ಬಂದಾಗ ಟ್ರಂಕು ಇನ್ನೂ ಕೋಣೆಯ ಮಧ್ಯದಲ್ಲೇ ಇತ್ತು. ಮಗಳು ಈರುಳ್ಳಿ ಸುಲಿಯುತ್ತ ಕೈ ನಿಲ್ಲಿಸಿದಳು.

"ಬರೋಕಾಗಲ್ಲ ಅಕ್ಕ" ಎಂದ ಅಪ್ಪ. "ಇಲ್ಲಿ ರಸ್ತೆ ಕೆಲಸ ನಡೀತಿದೆ."

"ಯಾವ ರಸ್ತೆನೋ?" ಅತ್ತೆಯ ಗಂಟಲು ಕೋಣೆಯನ್ನೆಲ್ಲ ತುಂಬಿತು.

"ಬಂದು ನೋಡು. ಊಟ ಹಾಕ್ತೀನಿ." ಫೋನಿಟ್ಟು, ಅಡುಗೆಮನೆಗೆ ಹೋಗುವ ದಾರಿಯಲ್ಲಿ ಟ್ರಂಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ.

"ಅಪ್ಪ, ಉಳಿದಿದ್ದೂ ಉಳೀಲಿಲ್ಲ ಅಂದ್ರೆ?" ಎಂದು ಅವಳು ಈರುಳ್ಳಿಗೆ ಕೇಳಿದ ಹಾಗೆ ಕೇಳಿದಳು.

"ಉಳೀಲಿಲ್ಲ ಅಂದ್ರೆ ನೀನು ಹಿಂದೆ ನಿಂತು ಕೂಗು." ಅವನು ಒಲೆ ಹಚ್ಚಿ ಬಾಣಲೆ ಇಟ್ಟ. ಎಣ್ಣೆ ಕಾಯಿತು, ಈರುಳ್ಳಿ ಬಿತ್ತು, ವಾಸನೆ ಎದ್ದಿತು. "ಈಗ ನಡಿ ಹೊರಗೆ, ಮೊಟ್ಟೆ ತಗೋಬೇಕು."

ಅವಳು ಹೊಸ್ತಿಲಾಚೆ ಹೋಗಿ ನಿಂತಳು. ಅಪ್ಪ ಫ್ರಿಜ್ಜಿನ ಬಾಗಿಲು ತೆಗೆದ. ಒಳಗೆ ಮೊಟ್ಟೆ ಇಡುವ ಬಿಳಿ ತಟ್ಟೆಗೆ ಅವಳು ಬೆಳಿಗ್ಗೆಯೇ ಕಪ್ಪು ಹಾಳೆ ಕತ್ತರಿಸಿ ಹಾಸಿದ್ದಳು, ಹೇಳಿರಲಿಲ್ಲ. ಬಗ್ಗಿದವನು ಒಂದು ಕ್ಷಣ ಬಗ್ಗಿದ ಹಾಗೇ ಇದ್ದ. ಆಮೇಲೆ ಕೈ ಹಾಕಿ, ತಡಕದೆ, ಎರಡು ಮೊಟ್ಟೆ ಎತ್ತಿಕೊಂಡು ಬಾಗಿಲು ಮುಚ್ಚಿದ.

"ಬಾ ಒಳಗೆ" ಎಂದ.