ಫೋನಿನ ಬಾನೆಟ್ಟು

“ನಾನ್ಯಾವಾಗ ಹೂಂ ಅಂದ್ನೋ? ಯಾವಾಗ ಅಂದೆ, ಬೊಗಳು!”

“ಬೊಗಳೋದೇನ್ ಬಂತು ಭಾವ? ಫೋನಲ್ಲೇ ಅಂದ್ರಿ. ಗ್ಯಾರೇಜ್ ನನಗೆ ಬಿಟ್ಕೊಡಿ, ಟೈರ್ ಅಂಗಡಿ ಮಾಡ್ತೀನಿ ಅಂದೆ. ಹೂಂ ಅಂದ್ರಿ. ಬೋರ್ಡ್ ಬರೆಸ್ಕೊಂಡು ಬರ್ತೀನಿ ಅಂದೆ. ಅದಕ್ಕೂ ಹೂಂ ಅಂದ್ರಿ. ಕೊನೇಗೆ ‘ಆಯ್ತಪ್ಪ, ಒಳ್ಳೇದಾಗ್ಲಿ’ ಅಂತ ಹರಸಿದ್ರಿ ಬೇರೆ!”

“ಹರಸಿದ್ನಾ? ನಿನ್ನನ್ನಾ? ಈ ಸ್ಪ್ಯಾನರ್ ತಗೊಂಡು ಹರಸ್ಬೇಕು ನಿನ್ನ!”

ಮೇಸ್ತ್ರಿ ಸ್ಪ್ಯಾನರ್ ಎತ್ತಿದ್ದೇನೋ ನಿಜ, ಆದರೆ ಅವನು ಹೊಡೆಯುವ ಕುಳ ಅಲ್ಲ. ಕೈಯಲ್ಲಿ ಏನಾದರೊಂದು ಕಬ್ಬಿಣ ಇಲ್ಲದಿದ್ದರೆ ಅವನಿಗೆ ಜಗಳ ಆಡಲು ಬರುತ್ತಿರಲಿಲ್ಲ, ಅಷ್ಟೆ. ಎದುರಿಗೆ ನಿಂತಿದ್ದವನು ಹೆಂಡತಿಯ ತಮ್ಮ. ಟೈರ್ ವ್ಯಾಪಾರದವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಟೈರ್. ಹೊಟ್ಟೆಯೂ ಆ ಹೆಸರಿಗೆ ಒಪ್ಪುವ ಹಾಗೇ ಬೆಳೆದಿತ್ತು. ಅವನು ತಂದಿದ್ದ ಹೊಸ ಬೋರ್ಡು ಗೋಡೆಗೆ ಒರಗಿ ನಿಂತಿತ್ತು. ಅದರ ಬಣ್ಣದ ವಾಸನೆ ಗ್ಯಾರೇಜಿನ ಡೀಸೆಲ್ ವಾಸನೆಯನ್ನೂ ಮೀರಿ ಮೂಗಿಗೆ ಹೊಡೆಯುತ್ತಿತ್ತು.

ಗದ್ದಲ ಕೇಳಿ ಹಿಂದಿನ ಮನೆಯಿಂದ ಮೇಸ್ತ್ರಿಯ ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. ಆ ಮನೆಯಲ್ಲಿ ಮೆಲ್ಲಗೆ ಮಾತಾಡುವ ಪದ್ಧತಿಯೇ ಇರಲಿಲ್ಲ. ಹಗಲೆಲ್ಲ ಇಂಜಿನ್ ಸದ್ದಿನ ನಡುವೆ ಬದುಕಿದ ಮಂದಿ, ಉಪ್ಪು ಬೇಕಾದರೂ ಊರಿಗೆ ಕೇಳುವ ಹಾಗೆ ಕೇಳುತ್ತಿದ್ದರು.

“ಹೂಂ ಅಂದಿದ್ದು ಹೌದೇನ್ರೀ?” ಎಂದು ಕೂಗಿದಳು.

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸಿ ತಿರುಗಿಸಿ ನೋಡಿದ. ಹೂಂ ಅಂದಿದ್ದು ಹೌದು. ಏನಕ್ಕೆ ಅಂದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಕೆಲವು ತಿಂಗಳಿಂದ ಫೋನಿನಲ್ಲಿ ಆಡುವವರ ದನಿ ಬಾವಿಯ ತಳದಿಂದ ಬಂದ ಹಾಗೆ ಕೇಳುತ್ತಿತ್ತು. ಬರಬರುತ್ತಾ ಅದೂ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದ್ದ. ಫೋನು ಕೆಟ್ಟಿದೆಯೇನೋ ಎಂದು ಅದರಲ್ಲಿ ಹಾಡು ಹಾಕಿ ನೋಡಿದ್ದ. ಹಾಡು ಗ್ಯಾರೇಜಿನ ತಗಡು ಅದುರುವ ಹಾಗೆ ಬಂತು. ಅಂದರೆ ಫೋನು ಸರಿ ಇದೆ, ಹೋಗಿರುವುದು ತನ್ನ ಕಿವಿ; ಕೂಗಾಟ ಕೇಳುತ್ತದೆ, ಮೆಲುದನಿ ಕೇಳುವುದಿಲ್ಲ. ಅಲ್ಲಿಗೆ ಲೆಕ್ಕ ಮುಗಿಯಿತು. ಅವನ ಅಪ್ಪನೂ ಇದೇ ಗ್ಯಾರೇಜಿನಲ್ಲಿ ಮೇಸ್ತ್ರಿಯಾಗಿದ್ದವನು, ಕೊನೆಗಾಲದಲ್ಲಿ ಕಿವುಡನಾಗಿ ಮೂಲೆಯ ಸ್ಟೂಲಿನ ಮೇಲೆ ಕೂತು, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುತ್ತಿದ್ದ. ಆ ನಗು ನೆನಪಾದರೆ ಮೇಸ್ತ್ರಿಗೆ ಊಟ ಸೇರುತ್ತಿರಲಿಲ್ಲ.

ಕಿವಿ ಇಲ್ಲದ ಮೇಸ್ತ್ರಿ ಏನಕ್ಕೆ ಬಂದ? ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ರೋಗ ಎಲ್ಲಿದೆ ಎಂದು ಬಿಚ್ಚದೆಯೇ ಹೇಳುವವನು ಅವನು. ಜನ ಬರುತ್ತಿದ್ದದ್ದೇ ಅದಕ್ಕೆ. ಈಚೆಗೆ ಸ್ಕ್ರೂ ಡ್ರೈವರ್ ಕಿವಿಗಿಟ್ಟರೆ ಎದೆ ಬಡಿತವೇ ಇಂಜಿನ್ನಿಗಿಂತ ಜೋರಾಗಿ ಕೇಳುತ್ತಿತ್ತು. ಆ ಭಯದಲ್ಲಿ ಒಂದು ಆಟೋದ ಬೇರಿಂಗ್ ಸದ್ದನ್ನು ಚೈನಿನ ಸದ್ದು ಅಂದುಬಿಟ್ಟ. ಆಟೋ ಮರುದಿನವೇ ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂತು. ಅಂದಿನಿಂದ ಸ್ಕ್ರೂ ಡ್ರೈವರನ್ನು ಕಪಾಟಿಗೆ ಸೇರಿಸಿಬಿಟ್ಟಿದ್ದ. ಫೋನ್ ಬಂದರೆ ಮಾತ್ರ ಯಾರಿಗೂ ಅನುಮಾನ ಬರದಿರಲೆಂದು ಎಲ್ಲಕ್ಕೂ ಹೂಂ, ಆಯ್ತು, ಒಳ್ಳೇದಾಗ್ಲಿ.

“ಕೇಳ್ತಿರೋದು ನಿಮ್ಮನ್ನೇ!” ಎಂದು ಹೆಂಡತಿ ಸೌಟು ಆಡಿಸಿದಳು. “ನನಗೊಂದು ಮಾತು ಹೇಳ್ದೆ ಗ್ಯಾರೇಜ್ ಬರ್ಕೊಟ್ಬಿಟ್ರಾ?”

“ಬರ್ಕೊಟ್ಟಿಲ್ಲ ಕಣೇ. ಇವನು ಏನಂದ್ನೋ ನನಗೆ ಕೇಳಿಸ್ಲೇ ಇಲ್ಲ. ನನ್ನ ಕಿವಿ ಹೋಗಿದೆ. ಸಾಕಾ? ಅಪ್ಪನ ಥರಾನೇ ಹೋಗಿದೆ!”

ಸೌಟು ಕೆಳಗಿಳಿಯಿತು. ಮೊದಲು ಚೇತರಿಸಿಕೊಂಡವನು ಟೈರ್.

“ನಾನೂ ಅದನ್ನೇ ಹೇಳೋದು ಭಾವ,” ಎಂದು ದನಿಗೆ ಬೆಣ್ಣೆ ಸವರಿದ. “ನೀವು ದುಡಿದಿದ್ದು ಸಾಕು. ಕುರ್ಚಿ ಹಾಕಿಸ್ತೀನಿ, ಫ್ಯಾನ್ ಹಾಕಿಸ್ತೀನಿ. ಆರಾಮಾಗಿ ಕೂತ್ಕೊಳಿ.”

ಕುರ್ಚಿ! ಮೇಸ್ತ್ರಿಗೆ ಅಪ್ಪನ ಸ್ಟೂಲು ಕಣ್ಣಿಗೆ ಕಟ್ಟಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲಿಟ್ಟ. ಅದನ್ನು ಕಂಡು ಹೆಂಡತಿಗೆ ಹೆದರಿಕೆಯಾಯಿತು. ಜಗಳದ ನಡುವೆ ಅವನು ಕಬ್ಬಿಣ ಕೆಳಗಿಟ್ಟದ್ದನ್ನು ಅವಳು ಕಂಡೇ ಇರಲಿಲ್ಲ.

“ಆ ಫೋನ್ ಇಲ್ಲಿ ಕೊಡಿ ನೋಡೋಣ.”

ಮಾತಾಡಿದವಳು ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಹೆಂಗಸು. ಸ್ಕೂಟರ್ ತೋರಿಸಲು ಬಂದವಳು, ಜಗಳ ಮುಗಿಯಲೆಂದು ಬೆಂಚಿನ ತುದಿಯಲ್ಲಿ ಕೂತು ಕಡಲೇಕಾಯಿ ಸುಲಿಯುತ್ತಿದ್ದಳು. ಸಿಪ್ಪೆ ಕೊಡವಿ ಫೋನ್ ಇಸಿದುಕೊಂಡಳು. ಕರೆ ಮಾಡುವ ಅಂಕಿಗಳನ್ನು ತೆರೆದು ನಕ್ಷತ್ರ, ಹ್ಯಾಶ್, ಸೊನ್ನೆ, ಮತ್ತೆ ನಕ್ಷತ್ರ, ಹ್ಯಾಶ್ ಒತ್ತಿದಳು.

“ಯಾರಿಗಮ್ಮ ಫೋನ್ ಹಚ್ಚಿದ್ದು?” ಎಂದ ಮೇಸ್ತ್ರಿ.

“ಯಾರಿಗೂ ಇಲ್ಲ. ಫೋನಿಗೇ ಹಚ್ಚಿದ್ದು.”

ಕೊನೆಯ ಹ್ಯಾಶ್ ಒತ್ತುತ್ತಿದ್ದ ಹಾಗೇ ಅಂಕಿಗಳೆಲ್ಲ ಮಾಯವಾಗಿ ಪರದೆಯ ತುಂಬ ಬೂದು ಚೌಕಗಳು ಎದ್ದವು. ಒಂದನ್ನು ಮುಟ್ಟಿದರೆ ಪರದೆ ಪೂರಾ ಕೆಂಪು. ಇನ್ನೊಂದು ಮುಟ್ಟಿದರೆ ಹಸಿರು. ಮತ್ತೊಂದಕ್ಕೆ ಫೋನು ಚಳಿ ಹಿಡಿದವರಂತೆ ಗಡಗಡ ನಡುಗಿತು. ಮೇಸ್ತ್ರಿ ಸಂಕಟ ಮರೆತು ಬಗ್ಗಿ ನೋಡಿದ.

“ಅಯ್ಯೋ ಇದರ! ಇದಕ್ಕೂ ಬಾನೆಟ್ ಇದೆಯೇನೇ ತಾಯಿ?”

“ಇದೆ ಮೇಸ್ತ್ರಿ. ಕಂಪನಿಯೋರು ತಮ್ಮ ಪರೀಕ್ಷೆಗೆ ಅಂತ ಇಟ್ಕೊಂಡಿರೋ ಬಾಗಿಲು. ಒಂದೊಂದು ಕಂಪನಿಗೆ ಒಂದೊಂದು ಕೋಡ್, ಕೆಲವಕ್ಕೆ ಇರೋದೇ ಇಲ್ಲ. ಹಂಗಂತ ಯಾರೋ ಕಳಿಸಿದ ಕೋಡನ್ನೆಲ್ಲ ಒತ್ತೋಕೆ ಹೋಗ್ಬೇಡಿ, ಎಡವಟ್ಟಾಗುತ್ತೆ. ಇದು ಬರೀ ನೋಡೋಕೆ. ಈಗ ನೋಡಿ, ಇದು ಹಾಡು ಬರೋ ಸ್ಪೀಕರ್ರು.” ಚೌಕ ಮುಟ್ಟಿದಳು. ಫೋನಿನ ಬುಡದಿಂದ ಗಟ್ಟಿಯಾಗಿ ಸದ್ದು ಬಂತು. “ಇದು ಬೇರೆ, ಕಿವಿಗಿಟ್ಕೊಳೋದು ಬೇರೆ. ಅದಕ್ಕೆ ರಿಸೀವರ್ ಅಂತಾರೆ, ತಲೆ ಕಡೆ ಇರುತ್ತೆ.”

“ಎರಡಿವೆಯಾ?” ಮೇಸ್ತ್ರಿ ಫೋನಿನ ಬುಡವನ್ನೊಮ್ಮೆ, ತಲೆಯನ್ನೊಮ್ಮೆ ನೋಡಿದ.

“ಎರಡಿವೆ. ಈಗ ರಿಸೀವರ್ ಒತ್ತಿದೀನಿ. ಒಳಗೆ ಕುಂಯ್ ಅಂತಿರ್ಬೇಕು. ಯಾರಾದ್ರೂ ಕಿವಿ ಕೊಡಿ.”

ಮೇಸ್ತ್ರಿ ಕೈ ಹಿಂದಕ್ಕೆ ಕಟ್ಟಿಕೊಂಡ. ಆ ಪರೀಕ್ಷೆಗೆ ಅವನಿಗೆ ಧೈರ್ಯ ಸಾಲಲಿಲ್ಲ. ಹೆಂಡತಿ ಕಿತ್ತುಕೊಂಡು ಕಿವಿಗಿಟ್ಟಳು. ಎಡಕ್ಕಿಟ್ಟಳು, ಬಲಕ್ಕಿಟ್ಟಳು, ಹುಬ್ಬು ಗಂಟಿಕ್ಕಿದಳು.

“ಏನೂ ಇಲ್ವಲ್ಲೇ.”

“ನನಗೂ ಇಲ್ಲ,” ಎಂದಳು ರಿಪೇರಿಯವಳು. “ಅಣ್ಣಾ, ನೀವು ನೋಡಿ.”

ಟೈರ್ ಗತ್ತಿನಿಂದ ಫೋನ್ ಇಸಿದುಕೊಂಡು ಕಿವಿಗೊತ್ತಿ ಕಣ್ಣು ಮುಚ್ಚಿದ. “ಏನೂ ಕೇಳಿಸ್ತಿಲ್ಲ,” ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ.

“ಹಂಗಾದ್ರೆ ನೀನೂ ಕಿವುಡ ಕಣೋ!” ಎಂದು ಅಕ್ಕ ಕುಣಿದಳು. “ನಿನಗೂ ಒಂದು ಕುರ್ಚಿ ಹಾಕಿಸ್ಕೋ!”

ರಿಪೇರಿಯವಳು ಫೋನಿನ ತಲೆಗೆ ಟಾರ್ಚ್ ಬಿಟ್ಟಳು. ಗಾಜಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಜಾಲರಿ. ಅದರ ತುಂಬ ಗ್ರೀಸು. ದೂಳು ಕುಡಿದು ಡಾಂಬರಿನಂತೆ ಗಟ್ಟಿಯಾಗಿತ್ತು. ಗ್ರೀಸಿನ ಕೈಯಲ್ಲೇ ಫೋನ್ ಎತ್ತಿ, ಹೆಬ್ಬೆರಳಿನಿಂದ ಅಲ್ಲೇ ಒರೆಸುವ ಮೇಸ್ತ್ರಿಯ ಚಾಳಿ ಇಡೀ ಬೀದಿಗೆ ಗೊತ್ತಿತ್ತು.

“ನಿಮ್ಮ ಕಿವಿಗೆ ಏನೂ ಆಗಿಲ್ಲ. ಇದರ ಬಾಯಿಗೆ ನೀವೇ ಗ್ರೀಸ್ ಮೆತ್ತಿದೀರ!”

ಮೇಸ್ತ್ರಿ ಪಿನ್ನು ತರಲು ಓಡಿದ. “ಚುಚ್ಚಿದ್ರೆ ಸತ್ತೇ ಹೋಗುತ್ತೆ, ಹಲ್ಲುಜ್ಜೋ ಬ್ರಶ್ ತನ್ನಿ,” ಎಂದು ರಿಪೇರಿಯವಳು ಗದರಿದಳು. ಹಳೆಯ ಬ್ರಶ್ ಬಂತು. ಫೋನನ್ನು ತಲೆಕೆಳಗು ಹಿಡಿದು ಮೆಲ್ಲಗೆ ಉಜ್ಜಿದಳು. ಸೀರೆಗೆ ಬಿದ್ದ ಕರಿ ಪುಡಿಯನ್ನು ಬೈದುಕೊಳ್ಳುತ್ತಲೇ ಉಜ್ಜಿದಳು. ಮತ್ತೆ ಚೌಕ ಮುಟ್ಟಿ, ಕೇಳದೆ ಮಾಡದೆ ಮೇಸ್ತ್ರಿಯ ಕಿವಿಗೇ ಹಿಡಿದಳು.

ಕುಂಯ್.

ತೆಳ್ಳಗೆ, ನೆಟ್ಟಗೆ, ಎಲ್ಲೂ ತುಂಡಾಗದ ಸದ್ದು. ಮೇಸ್ತ್ರಿ ಫೋನ್ ಕಿತ್ತುಕೊಂಡ. ಬಲಗಿವಿಗಿಟ್ಟ, ಅಲ್ಲೂ ಕುಂಯ್. ಫೋನನ್ನು ತೋಳಿನುದ್ದ ದೂರ ಹಿಡಿದ, ಆಗಲೂ ಕುಂಯ್. ಅವನ ಕಣ್ಣು ತುಂಬಿ ಬಂದವು.

“ಕೇಳ್ತದೆ ಕಣೇ! ಕೇಳ್ತದೆ!” ಎಂದು ಕಿರುಚಿ ಹೆಂಡತಿಯನ್ನು ಸೌಟಿನ ಸಮೇತ ತಬ್ಬಿಕೊಂಡ. ಗ್ರೀಸಿನ ಬೆರಳು ಅವಳ ಬೆನ್ನಿನ ಮೇಲೆ ಐದೈದೂ ಮೂಡಿದವು. ಅವಳು ಬೈಯುತ್ತಲೇ ನಕ್ಕಳು.

ಟೈರಿನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. “ಏನೇ ಆದ್ರೂ ಮಾತು ಮಾತೇ ಭಾವ. ಬೋರ್ಡಿಗೆ ಬಣ್ಣ ಹಾಕಿಸಾಗಿದೆ.”

“ಕೇಳಿಸ್ದೆ ಆಡಿದ ಮಾತು ಯಾವ ಸೀಮೆ ಮಾತೋ?” ಎಂದ ಮೇಸ್ತ್ರಿ. “ಸಿಟ್ಟೇನಿಲ್ಲ ಬಾ, ಊಟ ಮಾಡ್ಕೊಂಡು ಹೋಗು. ಆದ್ರೆ ಗ್ಯಾರೇಜ್ ಮಾತ್ರ ಎತ್ತಬೇಡ.”

ಟೈರ್ ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಗೆ ಹೋಗಿ ತನ್ನ ವ್ಯಾನ್ ಚಾಲು ಮಾಡಿದ. ಮೇಸ್ತ್ರಿ ಒಳಗಿಂದಲೇ ತಲೆ ಎತ್ತಿದ. ಬೇಟೆ ವಾಸನೆ ಹಿಡಿದ ನಾಯಿಯ ಹಾಗೆ ಕಿವಿ ನಿಮಿರಿತು.

“ಆಫ್ ಮಾಡೋ! ವಾಟರ್ ಪಂಪಿನ ಬೇರಿಂಗ್ ಹೋಗಿದೆ!”

“ಸುಮ್ನಿರಿ ಭಾವ, ಹೊಸ ವ್ಯಾನಿದು!”

ಮೇಸ್ತ್ರಿ ಕಪಾಟಿನಿಂದ ಉದ್ದನೆಯ ಸ್ಕ್ರೂ ಡ್ರೈವರ್ ಎಳೆದುಕೊಂಡು ಹೋಗಿ ಬಾನೆಟ್ ಎತ್ತಿದ. ತುದಿಯನ್ನು ಪಂಪಿಗೆ ಒತ್ತಿ, ಕಣ್ಣು ಮುಚ್ಚಿ ಕೇಳಿದ. ತಾಯಿ ಮಗುವಿನ ಎದೆಗೆ ಕಿವಿಯಿಟ್ಟ ಹಾಗಿತ್ತು ಆ ಮುಖ. ಆಮೇಲೆ ಇಳಿದು ಬಂದಿದ್ದ ಟೈರಿನ ಕಾಲರ್ ಹಿಡಿದು ಬಗ್ಗಿಸಿ ಹಿಡಿಯನ್ನು ಅವನ ಕಿವಿಗೆ ಒತ್ತಿದ. ಒಳಗೆ ಕಲ್ಲು ಅಗಿಯುವ ಸದ್ದು.

“ಕೇಳಿಸ್ತಾ? ದಾರಿ ಮಧ್ಯ ಕೈ ಕೊಡುತ್ತೆ. ಇಲ್ಲೇ ಬಿಡು, ಸಂಜೆ ಹೊತ್ಗೆ ಸರಿ ಮಾಡ್ತೀನಿ.”

ಟೈರಿಗೆ ಕೇಳಿಸಿತ್ತು. ಅದೇ ಅವನಿಗೆ ಸಹಿಸಲಾಗಲಿಲ್ಲ. ಇಂಜಿನ್ ಆರಿಸಿ, ಬೀಗದ ಕೈಯನ್ನು ಮೇಸ್ತ್ರಿಯ ಕಾಲ ಬಳಿ ಎಸೆದ.

“ನೀವೇ ಸರಿ! ನಿಮ್ಮ ಕಿವೀನೇ ಕಿವಿ! ನಡ್ಕೊಂಡೇ ಹೋಗ್ತೀನಿ, ಹೋಗಿ!”

“ಲೋ, ಊಟ ಮಾಡೋ!” ಎಂದು ಅಕ್ಕ ಕೂಗಿದಳು. “ತಟ್ಟೆ ಹಾಕ್ಬಿಟ್ಟಿದೀನಿ!”

ಅವನು ತಿರುಗಿ ನೋಡಲಿಲ್ಲ. ಬೋರ್ಡನ್ನು ತಲೆಯ ಮೇಲೆ ಹೊತ್ತು, ಗೊಣಗುತ್ತಾ, ರಸ್ತೆ ಅಂಚು ಹಿಡಿದು ನಡೆದ. ಗಂಡ ಹೆಂಡತಿ ಬಾಗಿಲಲ್ಲಿ ನಿಂತರು. ಮೇಸ್ತ್ರಿ ಕಿವಿಯ ಹಿಂದೆ ಅಂಗೈ ಇಟ್ಟು, ಮುಖವೆಲ್ಲ ಹಲ್ಲಾಗಿ ಆಲಿಸಿದ.

“ಏನಂತಿದಾನ್ರೀ?”

“ಮುದಿ ಗೂಬೆ ಅಂದ. ನನಗೆ.”

“ಈಗ?”

“ಈಗ ನಿನಗೆ. ಬೇಡ ಬಿಡು, ಹೇಳಲ್ಲ.”

“ಹೇಳ್ರೀ!”

“ಗಂಡನ ಬಾಲ ಅಂದ.”

“ಬರ್ಲಿ ಊಟಕ್ಕೆ, ಮಾಡ್ತೀನಿ! ಈಗ?”

“ಈಗ ಬೋರ್ಡಿಗೇ ಬೈತಿದಾನೆ.” ಮೇಸ್ತ್ರಿ ಇನ್ನಷ್ಟು ಬಗ್ಗಿದ. “ಈಗ ಚಪ್ಪಲಿ ಸದ್ದು. ಈಗ ಅದೂ ಇಲ್ಲ. ತಿರುವು ದಾಟಿದ.”

ಅವಳು ತಟ್ಟೆ ಮುಚ್ಚಿಟ್ಟು ಕಾದಳು. ಅವನು ಬರಲಿಲ್ಲ.